ಹಸಿರು ಟೆಂಟಿನ ಭಾರ

ಬೆಳಗ್ಗೆ ಅವಳು ತೊರೆಗೆ ನೀರು ತರಲು ಹೋಗಿದ್ದಾಗ ಅವಳ ಬ್ಯಾಗಿನಿಂದ ಟೆಂಟು ತೆಗೆದು ಚಾರಣದ ತಂಡದಲ್ಲಿದ್ದ ಟೈಲರನ ಬ್ಯಾಗಿಗೆ ಕಟ್ಟಿದರು. ಅವಳನ್ನು ಕೇಳಲಿಲ್ಲ.

ಹೊರಡುವ ವಿಸಿಲ್ಲಿನ ಅವಸರದಲ್ಲಿ ಬ್ಯಾಗು ಏರಿಸಿಕೊಂಡವಳಿಗೆ ಅದು ಗೊತ್ತಾದದ್ದು ಏರುದಾರಿ ಶುರುವಾದ ಮೇಲೆ. ಹೆಗಲು ಹಗುರವಾಗಿತ್ತು. ಮುಂದೆ ನೋಡಿದರೆ ತನ್ನ ಹಸಿರು ಟೆಂಟು ಅವನ ಬೆನ್ನ ಮೇಲೆ ತೂಗಾಡುತ್ತಿದೆ.

ಅವನೂ ಹೀಗೇನಾ...

ಸಿಟಿ ಬಸ್ಸು ಓಡಿಸುವವಳು ಅವಳು. ಇಕ್ಕಟ್ಟಿನ ಬೀದಿಯಲ್ಲಿ ಬಸ್ಸು ತಿರುಗಿಸುವಾಗ ಬೇಡವೆಂದರೂ ಯಾರೋ ಒಬ್ಬ ಕೈ ಬೀಸಿ ಪಾಠ ಹೇಳುತ್ತಿದ್ದ. ಚಾರಣಕ್ಕೆ ಹೊರಟಾಗ ಮನೆಯಲ್ಲಿ ಅಣ್ಣ, "ಎರಡೇ ದಿನಕ್ಕೆ ಬ್ಯಾಗನ್ನ ಯಾರ ಹೆಗಲಿಗಾದ್ರೂ ದಾಟಿಸ್ತೀಯ ನೋಡು" ಎಂದು ನಕ್ಕಿದ್ದ. ಬೆಟ್ಟಸಾಲಿನ ಆ ತುದಿಯವರೆಗೆ ತನ್ನ ಭಾರ ತಾನೇ ಹೊರಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಟೈಲರನ ಮೇಲೆ ಮನಸ್ಸು ಹೋದದ್ದೂ ಆ ಬ್ಯಾಗಿನಿಂದಲೇ. ಅದರ ಪಟ್ಟಿ ಕಿತ್ತುಬಂದಾಗ ಅವನು ಸೂಜಿ ಹಿಡಿದು ನಿಂತು, "ಹೊಲೀಲಾ? ನೀವು ಹೂಂ ಅಂದ್ರೆ" ಎಂದಿದ್ದ. ಒಂದು ಹೊಲಿಗೆಗೂ ಒಪ್ಪಿಗೆ ಕೇಳಿದವನು, ಇವತ್ತು?

ಮಧ್ಯಾಹ್ನದವರೆಗೆ ಅವಳು ಅವನಿಂದ ದೂರವೇ ನಡೆದಳು. ಅವನು ನೀರು ಚಾಚಿದರೆ ಮುಖ ತಿರುಗಿಸಿದಳು.

"ಏನಮ್ಮ ಡ್ರೈವರಮ್ಮ, ಬೆಳಗ್ಗೆಯಿಂದ ಬರೀ ಬ್ರೇಕೇ ಒತ್ತುತ್ತಿದ್ದೀಯ?" ಜೊತೆಗಿದ್ದ ವಯಸ್ಸಾದ ನರ್ಸಮ್ಮ ಕೆಣಕಿದರು. ಅವಳಿಗೆ ನಗು ಬರಲಿಲ್ಲ.

ಬಂಡೆಯ ನೆರಳಲ್ಲಿ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ನನ್ನ ಟೆಂಟ್ ಬಿಚ್ಚಿಕೊಡಿ."

"ಸೊಂಟನೋವು ಕಡಿಮೆ ಆಯ್ತಾ?" ಎಂದ ಟೈಲರ್.

"ಯಾವ ಸೊಂಟನೋವು?"

ಅವನು ತಬ್ಬಿಬ್ಬಾದ. "ಟೆಂಟ್ ನಾನೇ ಹೊರಲಿ ಅಂತ ನೀವು ಕೇಳಿದ್ರಂತಲ್ಲ... ಮೇಷ್ಟ್ರು ಹೇಳಿದ್ರು. ನನಗೆಷ್ಟು ಖುಷಿಯಾಗಿತ್ತು ಗೊತ್ತಾ? ಕೊನೆಗೂ ನನ್ನ ಹತ್ರ ಏನೋ ಒಂದು ಕೇಳಿದ್ರಲ್ಲ ಅಂತ."

ಅವಳ ಸಿಟ್ಟು ಇಳಿಯಲಿಲ್ಲ. ದಿಕ್ಕು ಬದಲಿಸಿತು.

ತಂಡದ ಮುಂದಾಳು ಶಾಲೆಯೊಂದರ ಆಟದ ಮೇಷ್ಟ್ರು. ಕೊರಳಲ್ಲಿ ವಿಸಿಲ್ಲು, ಬಾಯಲ್ಲಿ ಅಪ್ಪಣೆ.

"ಸುಳ್ಳು ಯಾಕೆ ಹೇಳಿದ್ರಿ ಮೇಷ್ಟ್ರೇ?"

"ನಿನ್ನ ಒಳ್ಳೇದಕ್ಕೇ ಕಣಮ್ಮ. ಕೇಳಿದ್ರೆ ನೀನು ಕೊಡ್ತಿದ್ಯಾ?"

"ಇಲ್ಲ."

"ಮತ್ತೆ? ಅದಕ್ಕೇ ಕೇಳಲಿಲ್ಲ."

ಅವಳು ಟೈಲರನ ಬ್ಯಾಗಿನ ಗಂಟು ಬಿಚ್ಚಿ ಟೆಂಟನ್ನು ತನ್ನ ಬ್ಯಾಗಿಗೆ ಬಿಗಿದು ಎದ್ದು ನಿಂತಳು. ಪಟ್ಟಿ ಹೆಗಲನ್ನು ಕಚ್ಚಿತು. ಅವನು ಹಾಕಿದ ಹೊಲಿಗೆ ಮಾತ್ರ ಮಿಸುಕಲಿಲ್ಲ.

"ಏಯ್ ಟೈಲರ್, ಅದನ್ನ ಇಸ್ಕೊಂಡು ನಿನ್ನ ಬೆನ್ನಿಗೆ ಹಾಕ್ಕೋ. ಹೊತ್ತಾಯ್ತು" ಎಂದರು ಮೇಷ್ಟ್ರು.

ಟೈಲರ್ ಎದ್ದ. ಈಗ ಇವನು ಕೈ ಚಾಚಿದರೆ... ಎಲ್ಲ ಮುಗಿಯಿತು.

ಅವನು ಕೈ ಕಟ್ಟಿಕೊಂಡ.

"ಹೊರಲ್ಲ ಮೇಷ್ಟ್ರೇ. ಅವರು ಕೇಳಿದ್ರೆ ಬದುಕಿಡೀ ಹೊರ್ತೀನಿ. ನೀವು ಹೇಳಿದ್ರೆ ಒಂದು ಹೆಜ್ಜೆನೂ ಹೊರಲ್ಲ."

ನರ್ಸಮ್ಮ ಅಗಿಯುವುದನ್ನೇ ಮರೆತರು. ಅವಳ ಕಣ್ಣು ತುಂಬಿಬಂತು.

"ಬದುಕಿಡೀ ಹೊರೋದೇನೂ ಬೇಡ" ಎಂದಳು ಮೆಲ್ಲಗೆ. "ಪಕ್ಕದಲ್ಲಿ ನಡೀತೀರಾ?"

"ಕೇಳ್ತಾ ಇದ್ದೀರಾ?"

"ಹೂಂ. ಕೇಳ್ತಾ ಇದ್ದೀನಿ."

ವಿಸಿಲ್ಲು ಕಿರುಚಿತು. "ಸಾಲಾಗಿ ನಡೀರಿ. ಒಬ್ಬರ ಹಿಂದೆ ಒಬ್ಬರು."

"ಆಗಲ್ಲ ಮೇಷ್ಟ್ರೇ" ಎಂದು ಅವಳು ದಾರಿಯ ಒಂದು ಅಂಚಿಗೆ ಸರಿದು, ಅವನಿಗೆ ಜಾಗ ಬಿಟ್ಟು ನಡೆದಳು.