ಒಂದೇ ಸೈಜಿನ ಇಪ್ಪತ್ಮೂರು

"ಬಟ್ಟಲು ಅಲ್ಲಾಡಿಸ್ಬೇಡ ಬಟಾಣಿ. ಉಸಿರು ಬಿಗಿಹಿಡಿ," ಅಂದಳು ಅತ್ತೆ.

ಬಟಾಣಿ ಸುಣ್ಣದ ಪೇಸ್ಟಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಹುಟ್ಟಿದಾಗ ಇಷ್ಟೇ ಇಷ್ಟಿದ್ದಳು ಅಂತ ಮನೆಯವರು ಇಟ್ಟ ಅಡ್ಡಹೆಸರು. ಐದನೇ ಕ್ಲಾಸಿಗೆ ಬಂದರೂ ಬಿಟ್ಟುಹೋಗಿಲ್ಲ, ಪಾಪ.

ಅತ್ತೆ ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವವಳು. ಸಿರಿಂಜ್ ಹಿಡಿದರೆ ಅವಳ ಕೈ ನಡುಗುವುದೇ ಇಲ್ಲ. ಆದರೆ ಈ ಭಾನುವಾರ ಸೂಜಿ ಚುಚ್ಚುತ್ತಿದ್ದದ್ದು ಹಾಲ್‌ನಲ್ಲಿದ್ದ, ಹವಳ ಸಾಕುವ ಉಪ್ಪುನೀರಿನ ಗಾಜಿನ ಟ್ಯಾಂಕಿನೊಳಗೆ.

ಪಂಪ್ ಆಫ್ ಆಗಿತ್ತು. ಕಲ್ಲಿನ ಮೇಲೆ ಕಂದು ಬಣ್ಣದ ಪುಟ್ಟ ಹೂವಿನಂಥದ್ದು ಬಾಯಿ ತೆರೆದು ಕೂತಿತ್ತು. ಅದು ಹೂವಲ್ಲ, ಪ್ರಾಣಿ. ಐಪ್ಟೇಸಿಯಾ ಅನ್ನೋ ಪುಂಡ ಕಡಲ ಅನೆಮನಿ. ಉದ್ದ ದಂಟು, ತುದಿಯಲ್ಲಿ ಕೂದಲಂಥ ಎಳೆಗಳು. ಆ ಎಳೆಗಳಿಂದ ಅಕ್ಕಪಕ್ಕದ ಹವಳವನ್ನೆಲ್ಲ ಕುಟುಕಿ ಕುಟುಕಿ ಕೊಲ್ಲುತ್ತದೆ.

ಅತ್ತೆ ಅದರ ಬಾಯಿಗೆ ಮೆಲ್ಲಗೆ ಒಂದು ಹನಿ ಪೇಸ್ಟ್ ಹಾಕಿದಳು. ಅದು ನುಂಗಿತು, ಮುದುಡಿತು, ಬಿಳಿ ಸುಣ್ಣದಡಿ ಮುಚ್ಚಿಹೋಯಿತು.

"ಹದಿನೇಳಾಯ್ತು. ಇನ್ನೂ ಆರಿದೆ."

ಟ್ಯಾಂಕಿನ ನಡುವೆ ಅತ್ತೆಯ ನೇರಳೆ ಹವಳ ಇತ್ತು. ತಂದಾಗ ಉಗುರಿನಷ್ಟಿತ್ತು. ಐದು ವರ್ಷದಲ್ಲಿ ಕೊಂಬೆ ಒಡೆದು ಪೊದೆಯಷ್ಟಾಗಿತ್ತು. ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅದನ್ನು ನೋಡುತ್ತಿದ್ದಳು. ಈಗ ಅದರ ಒಂದು ಮಗ್ಗುಲು ಮೂಳೆಯ ಹಾಗೆ ಬೆಳ್ಳಗಾಗಿತ್ತು.

"ಅಂಗಡಿಯವನು ಕೊಟ್ಟ ಕಲ್ಲಲ್ಲೇ ಬಂದಿರ್ಬೇಕು ಕಣೆ," ಅಂದ ಅಪ್ಪ, ಬಾಗಿಲಲ್ಲಿ ನಿಂತು.

"ಒಂದು ಹಾಗೆ ಬಂದಿರ್ಬೋದು ಅಣ್ಣ. ಆದ್ರೆ ನೋಡು, ಇಪ್ಪತ್ಮೂರೂ ಒಂದೇ ಸೈಜು. ತಾನಾಗೇ ಹಬ್ಬಿದ್ರೆ ದೊಡ್ಡದೂ ಇರುತ್ತೆ, ಚಿಕ್ಕದೂ ಇರುತ್ತೆ. ಇವೆಲ್ಲ ಒಂದೇ ದಿನ ಹುಟ್ಟಿರೋವು. ಯಾರೋ ಒಂದನ್ನ ಕೆರೆದಿದ್ದಾರೆ. ಇದನ್ನ ಚೂರು ಮಾಡಿದ್ರೆ ಸಾಯಲ್ಲ. ಒಂದೊಂದು ಚೂರೂ ಹೊಸದಾಗುತ್ತೆ."

ಬಟಾಣಿಯ ಕೈಲಿದ್ದ ಬಟ್ಟಲು ಟಣ್ ಅಂತ ಗಾಜಿಗೆ ತಗುಲಿತು.

ಹೋದ ತಿಂಗಳು ಅತ್ತೆ ಟ್ರೈನಿಂಗ್ ಅಂತ ಹತ್ತು ದಿನ ಊರಲ್ಲಿರಲಿಲ್ಲ. "ಟ್ಯಾಂಕ್ ನಿನ್ನ ಜವಾಬ್ದಾರಿ. ಹೊಸದೇನಾದ್ರೂ ಕಂಡ್ರೆ ಫೋಟೋ ಕಳ್ಸು, ಕೈ ಮಾತ್ರ ಹಾಕ್ಬೇಡ," ಅಂದು ಹೋಗಿದ್ದಳು. ಎಂಟನೇ ದಿನ ಕಂದು ಬಣ್ಣದ್ದೊಂದು ಕಂಡಿತು. ಅತ್ತೆ ಬರುವಷ್ಟರಲ್ಲಿ ಟ್ಯಾಂಕು ಪಳಪಳ ಅನ್ನಬೇಕು ಅಂತ ಬಟಾಣಿಗೆ ಆಸೆ. ಸ್ಟೀಲ್ ಸ್ಕೇಲ್ ತಂದು ಕರಕರ ಕೆರೆದಳು. ಚೂರುಗಳು ನೀರಲ್ಲಿ ತೇಲಿಹೋದವು. ಸದ್ಯ, ಪೀಡೆ ತೊಲಗಿತು ಅಂದುಕೊಂಡಳು. ಅತ್ತೆ ಬಂದು "ಭೇಷ್ ಕಣೇ!" ಅಂದಾಗ ಹಿಗ್ಗಿ ಹೀರೇಕಾಯಿಯಾದಳು.

ಅಪ್ಪ ತಲೆ ಕೆರೆದುಕೊಂಡ. "ಅಯ್ಯೋ, ನೀನಿಲ್ದಾಗ ಪಾಚಿ ಕಟ್ಟಿತ್ತು ಅಂತ ಒಳಗಿನ ಗಾಜು ಉಜ್ಜಿದ್ದೆ. ಆಗ ಕಲ್ಲಿಗೂ ತಗುಲ್ತೇನೋ. ನಂದೇ ತಪ್ಪಿರ್ಬೇಕು."

ಅತ್ತೆ ಸಿರಿಂಜ್ ಕೆಳಗಿಟ್ಟಳು. "ಒಳಗೆ ಕೈ ಹಾಕ್ಬೇಡ ಅಂತ ಎಷ್ಟು ಸಲ ಹೇಳ್ಲಿ ಅಣ್ಣ? ಐದು ವರ್ಷ! ಈ ಮನೇಲಿ ನಂದು ಅಂತ ಇದ್ದಿದ್ದು ಇದೊಂದೇ."

ಅಪ್ಪ ತಲೆ ತಗ್ಗಿಸಿ ನಿಂತ. ಅಪ್ಪ ಹಾಗೆ ನಿಂತದ್ದನ್ನು ಬಟಾಣಿ ಯಾವತ್ತೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅಪ್ಪ ಅಲ್ಲ ಅತ್ತೆ. ನಾನು. ಸ್ಕೇಲಲ್ಲಿ ಕೆರೆದೆ."

"ಯಾವಾಗ?"

"ನೀನು ಬರೋಕೆ ಎರಡು ದಿನ ಮುಂಚೆ."

"ಅಂದ್ರೆ ತಿಂಗಳಿಂದ ಸುಮ್ನಿದ್ದೆ. ಆಗ್ಲೇ ಹೇಳಿದ್ರೆ ಪೂರ್ತಿ ಉಳಿಸ್ಬೋದಿತ್ತು."

ಅತ್ತೆ ಬೈಯಲಿಲ್ಲ. ನಾಲ್ಕು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಬಟಾಣಿಗೆ.

ಉಳಿದ ಆರೂ ಹವಳದ ಬುಡದ ಬಿರುಕುಗಳಲ್ಲಿದ್ದವು. ಅಲ್ಲಿಗೆ ಸೂಜಿ ಹೋಗಲಿಲ್ಲ. ಅತ್ತೆ ಕತ್ತರಿ ತಂದು ಚೆನ್ನಾಗಿದ್ದ ಒಂದೇ ಒಂದು ಕೊಂಬೆ ಕತ್ತರಿಸಿದಳು. ಕಿರುಬೆರಳಿನಷ್ಟಿತ್ತು. ಅದನ್ನು ಬೇರೊಂದು ಕಲ್ಲಿಗೆ ಅಂಟಿಸಿ ಟ್ಯಾಂಕಿನಲ್ಲಿಟ್ಟಳು. ಮಿಕ್ಕ ಹವಳವನ್ನು ಕಲ್ಲಿನ ಸಮೇತ ಎತ್ತಿ ಖಾಲಿ ಬಕೆಟ್ಟಿಗೆ ಹಾಕಿದಳು.

ಅನೆಮನಿಗಳು ಒಣಗಿ ಸಾಯಲಿ ಅಂತ ಅಪ್ಪ ಬಕೆಟ್ಟನ್ನು ಟೆರೇಸಿನ ಬಿಸಿಲಿಗೆ ಇಟ್ಟ. ಬಟಾಣಿಯೂ ಹಿಂದೆಯೇ ಹೋದಳು. ಕಲ್ಲಿನ ತೂತುಗಳಿಂದ ದಾರದಂಥ ಹುಳುಗಳು, ಅಕ್ಕಿಕಾಳಿನಂಥ ಬಸವನಹುಳುಗಳು ಹೊರಬಂದವು. ಸ್ವಲ್ಪ ದೂರ ಹರಿದು ನಿಂತುಬಿಟ್ಟವು. ಅವು ಯಾರಿಗೂ ಏನೂ ಮಾಡಿರಲಿಲ್ಲ. ಸಂಜೆಯಷ್ಟರಲ್ಲಿ ನೇರಳೆ ಬಣ್ಣವೆಲ್ಲ ಬೂದಿಯಾಗಿತ್ತು, ಮೂಗು ಬಿಡಲಾಗದಷ್ಟು ವಾಸನೆ.

ಒಂದು ವಾರ ಅತ್ತೆ ಬಟಾಣಿಯ ಜೊತೆ ಬೇಕಾದಷ್ಟೇ ಮಾತಾಡಿದಳು. ಬಟಾಣಿ ದಿನಾ ಸ್ಕೂಲಿಂದ ಬಂದವಳೇ ಟ್ಯಾಂಕಿನ ಮುಂದೆ ಕೂರುತ್ತಿದ್ದಳು. ಕಿರುಬೆರಳಿನ ಹವಳ ಬದುಕಿತ್ತು. ಕತ್ತರಿಸಿದಾಗ ಬಾಡಿದ್ದ ಅದರ ತುದಿ ಮತ್ತೆ ನೇರಳೆಯಾಗುತ್ತಿತ್ತು.

ಸೋಮವಾರ ಅದರ ಬುಡದಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ ಕಂಡಿತು. ಕಣ್ಣುಜ್ಜಿಕೊಂಡು ನೋಡಿದಳು. ದಂಟಿತ್ತು. ಎಳೆಗಳೂ ಇದ್ದವು.

ಅಡುಗೆಮನೆಯಲ್ಲಿ ಅತ್ತೆ ಅಮ್ಮನ ಜೊತೆ ಏನೋ ಹೇಳಿ ನಗುತ್ತಿದ್ದಳು. ಈ ವಾರದಲ್ಲಿ ಅವಳು ನಕ್ಕದ್ದು ಇದೇ ಮೊದಲು. ಹೇಳಿದರೆ ಆ ನಗು ನಿಲ್ಲುತ್ತದೆ. ಈ ಕೊಂಬೆಯೂ ಬಕೆಟ್ಟಿಗೆ ಹೋಗಬಹುದು.

ಬಟಾಣಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಅತ್ತೇ," ಕೂಗಿದಳು. "ಬೇಗ ಬಾ. ಇಲ್ಲೊಂದಿದೆ."