ಎಂಟು ಬೆರಳಿನ ಕತೆ

“ಕಟ್!” ಲೋರ್ನಾ ಮಿಸ್ ಮೂರನೇ ಸಲ ಕೂಗಿದರು. “ಐಲಿ, ಅಜ್ಜಿ ಮಾತು ಮುಗಿಸೋಕೆ ಬಿಡಮ್ಮ.”

“ಅವಳು ನಿಧಾನ ಮಿಸ್. ನಂಗೆ ಪೂರ್ತಿ ಬಾಯಿಪಾಠ ಆಗಿದೆ.”

ಅದು ನಿಜವೇ. ಮುತ್ತಜ್ಜನ ಮೀನುದೋಣಿ ಸುಪೀರಿಯರ್ ಸರೋವರದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡದ್ದು, ಅವರು ಕತ್ತಲಲ್ಲಿ ನಾಲ್ಕು ಮೈಲಿ ನಡೆದು ಬಂದದ್ದು, ಚಳಿಗೆ ಕಾಲಿನ ಎರಡು ಬೆರಳು ಹೋದದ್ದು. ಕೊನೆಗೆ ಅಜ್ಜಿ “ಉಳಿದದ್ದು...” ಅನ್ನುವಷ್ಟರಲ್ಲಿ ಐಲಿ “ಎಂಟೇ ಬೆರಳು!” ಅನ್ನುತ್ತಾಳೆ. ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಬಂದ ನೆಂಟರೆಲ್ಲ ಹೋ ಎಂದು ನಗುತ್ತಾರೆ.

ಡುಲೂತ್‌ನ ಟೀವಿ ಸ್ಟೇಷನ್ನಿಗೆ ಈ ಬೇಸಿಗೆ ಇಂಟರ್ನ್ ಆಗಿ ಸೇರಿದವರು ಇಬ್ಬರೇ, ಐಲಿ ಮತ್ತು ಅವಳ ಕ್ಲಾಸಿನ ಥಿಯಾ. ಅಲ್ಲಿನ ಲೋರ್ನಾ ಮಿಸ್ ತೆಗೆಯುತ್ತಿದ್ದದ್ದು ಹಳೇ ಮೀನುಗಾರರ ಮೇಲೆ ಹತ್ತು ನಿಮಿಷದ ಡಾಕ್ಯುಮೆಂಟರಿ. ಅಜ್ಜಿಯ ಹೆಸರು ಕೊಟ್ಟವಳು ಐಲಿ. ಈ ಅಡುಗೆಮನೆಯೂ ಅವಳ ಅಜ್ಜಿಯದೇ. ಪ್ರಶ್ನೆ ಕೇಳುವ ಕುರ್ಚಿ ಮಾತ್ರ ಈಗ ಥಿಯಾಗೆ ಹೋಯಿತು.

“ನೀನು ಸೌಂಡ್ ನೋಡ್ಕೋ,” ಎಂದು ಲೋರ್ನಾ ಮಿಸ್ ಐಲಿಯ ಕಿವಿಗೆ ಹೆಡ್‌ಫೋನ್ ಹಾಕಿದರು. ಆಮೇಲೆ ಥಿಯಾ ಕಡೆ ತಿರುಗಿದರು. “ನಗಬೇಡ, ಹೂಂ ಅನ್ನಬೇಡ. ಬರೀ ತಲೆ ಆಡಿಸು. ಉತ್ತರ ಮುಗೀತು ಅನ್ನಿಸಿದ ಮೇಲೂ ಮನಸ್ಸಲ್ಲೇ ಹತ್ತು ಎಣಿಸು.”

ಥಿಯಾ ರಾಣಿಯ ಹಾಗೆ ಕೂತಳು.

“ನಿಮ್ಮಪ್ಪ ಐಸ್ ಮೇಲೆ ನಡೆದು ಬಂದದ್ದು ಹೇಗೆ?”

“ಹೇಳ್ತೀನಿ ಕೇಳು ಪುಟ್ಟಿ,” ಅಂದಳು ಅಜ್ಜಿ.

ಪುಟ್ಟಿ! ಐಲಿಯ ಕಿವಿ ಬಿಸಿಯಾಯಿತು. ಅಜ್ಜಿ ಹಾಗೆ ಕರೆಯುತ್ತಿದ್ದದ್ದು ಅವಳೊಬ್ಬಳನ್ನೇ.

“ಕಟ್! ಫ್ರಿಜ್ ಸದ್ದು ಬರ್ತಿದೆ!” ಎಂದು ಕೂಗಿದಳು.

ಲೋರ್ನಾ ಮಿಸ್ ಅವಳನ್ನೇ ನೋಡಿದರು. “ಫ್ರಿಜ್ಜಿನ ಪ್ಲಗ್ ಆಗಲೇ ತೆಗೆದಿದೀನಲ್ಲ. ನನ್ನ ವ್ಯಾನಿನ ಕೀ ಕೂಡ ಅದರೊಳಗೇ ಇದೆ.”

ಶೂಟಿಂಗಿಗೆ ಹೋದ ಮನೆಯಲ್ಲೆಲ್ಲ ಅವರು ಹಾಗೇ ಮಾಡುತ್ತಿದ್ದರು. ಫ್ರಿಜ್ಜನ್ನು ಮತ್ತೆ ಆನ್ ಮಾಡಲು ಮರೆತರೂ ಕೀ ಇಲ್ಲದೆ ಮನೆಗೆ ಹೋಗಲಾಗದು. ಬೆಳಿಗ್ಗೆ ಹಾಲಿನ ಡಬ್ಬಿಯ ಪಕ್ಕ ಕೀ ಇಟ್ಟದ್ದನ್ನು ಐಲಿಯೇ ನೋಡಿದ್ದಳು.

“ಅದು ನಿನ್ನ ಹೊಟ್ಟೆ ಸದ್ದು ಇರ್ಬೇಕು ಕಣೇ,” ಅಂದಳು ಥಿಯಾ.

ಮತ್ತೆ ಶುರುವಾಯಿತು. ದೋಣಿ, ಮಂಜುಗಡ್ಡೆ, ನಾಲ್ಕು ಮೈಲಿ. “ಉಳಿದದ್ದು ಎಂಟೇ ಬೆರಳು,” ಎಂದು ಅಜ್ಜಿ ನಿಲ್ಲಿಸಿದಳು.

ಯಾರೂ ನಗಲಿಲ್ಲ. ಥಿಯಾ ತಲೆ ಆಡಿಸಿದಳು, ಅಷ್ಟೇ. ‘ಈಗ ಬಾಯಿ ಬಿಡ್ತಾಳೆ, ಕೆಡಿಸ್ತಾಳೆ,’ ಎಂದು ಕಾಯುತ್ತಾ ಐಲಿ ಎಣಿಸತೊಡಗಿದಳು. ಆರು, ಏಳು. ಹೆಡ್‌ಫೋನಿನಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್. ಒಂಬತ್ತಕ್ಕೆ ಅಜ್ಜಿ ಉಸಿರೆಳೆದುಕೊಂಡಳು.

“ಕಿಟಕಿಯಲ್ಲಿ ದೀಪ ಇಡು ಅಂದಿದ್ರು ಅಪ್ಪ. ಅದನ್ನ ನೋಡ್ಕೊಂಡೇ ದಡಕ್ಕೆ ಬರ್ತಿದ್ರು. ನಂಗಾಗ ಏಳು ವರ್ಷ. ನಿದ್ದೆ ಬಂದುಬಿಡ್ತು. ದೀಪ ಆರಿಹೋಯ್ತು. ಅಪ್ಪ ದಾರಿ ತಪ್ಪಿ ಸುತ್ತಿದ್ದು ಅದಕ್ಕೇ. ಅವರೂ ಏನೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ.”

ಥಿಯಾ ಆಗಲೂ ಬರೀ ತಲೆ ಆಡಿಸಿದಳು. ಐಲಿಗೆ ಅವಳ ಕುರ್ಚಿಯನ್ನು ಒದೆಯಬೇಕು ಅನ್ನಿಸಿತು.

ಶೂಟಿಂಗ್ ಮುಗಿದು ಲೈಟು, ಕ್ಯಾಮೆರಾ ಎಲ್ಲ ಹೊರಗೆ ಹೋದವು. ಲೋರ್ನಾ ಮಿಸ್ ತಣ್ಣಗಾಗಿದ್ದ ಕೀ ತೆಗೆದುಕೊಂಡು, “ಐಲಿ, ಪ್ಲಗ್ ಹಾಕಿ ಬಾ,” ಎಂದು ಥಿಯಾ ಜೊತೆ ವ್ಯಾನಿನ ಕಡೆ ನಡೆದರು.

“ಅವಳಿಗಾದ್ರೆ ಹೇಳಿದೆ ನೀನು. ನಂಗೆ ಯಾಕೆ ಹೇಳ್ಲಿಲ್ಲ?” ಐಲಿ ಅಜ್ಜಿಯನ್ನು ಕೇಳಿದಳು.

“ಬೇಕಂತ ಅಲ್ಲ ಕಣೇ,” ಅಂದಳು ಅಜ್ಜಿ. “ಕತೆ ಅಲ್ಲಿಗೆ ಬರೋ ಹೊತ್ತಿಗೆ ನೀವೆಲ್ಲ ನಗ್ತಿರ್ತೀರಿ.”

ಐಲಿ ಪ್ಲಗ್ ಹಿಡಿದು ಬಗ್ಗಿದಳು.

“ಆ ದೀಪ ಇದೆಯಲ್ಲ...” ಅಜ್ಜಿ ಮಾತು ಅರ್ಧಕ್ಕೇ ನಿಲ್ಲಿಸಿದಳು.

‘ಎಸೆದುಬಿಟ್ಟೆಯಾ?’ ಅನ್ನುವ ಮಾತು ಐಲಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಪ್ಲಗ್ ಕೆಳಗಿಟ್ಟಳು. ಥಿಯಾ ಕೂತಿದ್ದ ಕುರ್ಚಿಯಲ್ಲಿ ಕೂತಳು.

ಒಂದು. ಎರಡು. ಮೂರು.