ಹನ್ನೆರಡನೇ ಮಹಡಿಯ ಕಮಲ

ಹನ್ನೆರಡನೇ ಮಹಡಿಯ ಗೋಡೆಯಿಂದ ಅಲಂಕಾರದ ಕಮಲವೊಂದು ಕಳಚಿ ಅಂಗಳಕ್ಕೆ ಬಿತ್ತು. ಪುಣ್ಯಕ್ಕೆ ಯಾರ ತಲೆಗೂ ತಗಲಲಿಲ್ಲ. ಅಪವಾದ ಮಾತ್ರ ನೆಟ್ಟಗೆ ಶಿಲ್ಪಿಯ ತಲೆಗೆ ಬಂತು. ಅರಮನೆಯ ಠೀವಿಯಲ್ಲಿ ಕಟ್ಟಿದ ಆ ಬಹುಮಹಡಿ ಕಟ್ಟಡದ ಹೆಬ್ಬಾಗಿಲಲ್ಲಿ ಅವನ ಹೆಸರನ್ನು ಕೆತ್ತಿದ್ದರು. ಅದನ್ನು ಅಳಿಸಲೇಬೇಕೆಂದು ನಿವಾಸಿಗಳು ಪಟ್ಟು ಹಿಡಿದರು.

ಶಿಲ್ಪಿ ಅದೇ ಕಟ್ಟಡದಲ್ಲಿ ವಾಸವಿದ್ದ ಅತ್ತೆ-ಸೊಸೆಯರ ಮನೆಗೆ ಓಡಿಬಂದ. ಕಟ್ಟಡದಲ್ಲಿ ಏನು ಕಳೆದರೂ, ಯಾರು ಸುಳ್ಳಾಡಿದರೂ ಜನ ಪೊಲೀಸರಿಗಿಂತ ಮೊದಲು ಅತ್ತೆಯ ಬಾಗಿಲು ತಟ್ಟುತ್ತಿದ್ದರು. ಸೊಸೆಗೆ ಅದೊಂದು ಹೆಮ್ಮೆ. ಅತ್ತೆಯ ಬೆನ್ನಿಗೇ ಓಡಾಡುವುದು ಇನ್ನೂ ದೊಡ್ಡ ಹೆಮ್ಮೆ.

"ಹೂವು ನಂದೇ ಅಮ್ಮಾ, ಎಸಳು ನೋಡಿದ್ರೆ ಗೊತ್ತಾಗುತ್ತೆ," ಎಂದ ಶಿಲ್ಪಿ. "ಆದ್ರೆ ನಾನು ಕೂಡಿಸಿದ್ದು ನಾಲ್ಕನೇ ಮಹಡಿವರೆಗೆ ಮಾತ್ರ. ಮೇಲಕ್ಕೆ ಬೇರೆಯವರು ಬರ್ತಾರೆ ಅಂತ ಕಂಟ್ರಾಕ್ಟರ್ ಹೇಳಿದ್ರು."

ಗೋಡೆಗಳೆಲ್ಲ ಎದ್ದ ಮೇಲೆ ಅಲಂಕಾರದ ಕೆಲಸ ಹಿಡಿದಿದ್ದ ಆ ಕಂಟ್ರಾಕ್ಟರ್, ಬಿದ್ದ ಚೂರುಗಳನ್ನು ಆಗಲೇ ಸಾಗಿಸಿಬಿಟ್ಟಿದ್ದ. "ಕಳ್ಳ ಸಿಕ್ಕ, ಬಿಡಿ," ಎಂದಳು ಸೊಸೆ. ಅತ್ತೆ ಅಂಗಳದ ಹಾಸುಗಲ್ಲುಗಳನ್ನು ಸವರಿ ನೋಡಿದರು. ಒಂದೂ ಬಿರುಕು ಬಿಟ್ಟಿರಲಿಲ್ಲ; ಸಂದುಗಳಲ್ಲಿ ಹಗುರವಾದ ಬಿಳಿ ಕಾಳುಗಳು ಸಿಕ್ಕಿಕೊಂಡಿದ್ದವು. ಆಮೇಲೆ ಹನ್ನೆರಡನೇ ಮಹಡಿಯ ಕಿಟಕಿಯಿಂದ ಬಗ್ಗಿ, ಕಮಲವಿದ್ದ ಜಾಗ ನೋಡಿದರು. ಕಾಂಕ್ರೀಟಿನೊಳಗೆ ಹುದುಗಿದ್ದ ಕೊಕ್ಕೆಗಳು ಒಗೆದ ಬಟ್ಟೆ ತೂಗುಹಾಕಲಷ್ಟೇ ಸಾಲುವಷ್ಟು ತೆಳ್ಳಗಿದ್ದವು. ಅಷ್ಟು ಹೊತ್ತೂ ಸೊಸೆ ಅವರ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಸಂಜೆ ಎಲ್ಲರೂ ಹೆಬ್ಬಾಗಿಲಲ್ಲಿ ಸೇರಿದರು. ಕಟ್ಟಡದ ನಕ್ಷೆ ಬರೆದ ಆರ್ಕಿಟೆಕ್ಟ್, ಯಾರೂ ಕೇಳದಿದ್ದರೂ ಶುರುಮಾಡಿದ. "ಅಡಿಪಾಯದಿಂದ ಹಿಡಿದು ಇಲ್ಲಿ ನನ್ನನ್ನ ಕೇಳ್ದೆ ಒಂದು ಮೊಳೆ ಕೂಡ ಹೊಡೆದಿಲ್ಲ. ಕೆತ್ತಿದವನ ತಪ್ಪಿಗೆ ನಾನೇನು ಮಾಡ್ಲಿ?"

"ಅಷ್ಟು ಎತ್ತರದಿಂದ ಕಲ್ಲು ಬಿದ್ರೆ ನೆಲ ಪುಡಿಪುಡಿ ಆಗ್ಬೇಕಿತ್ತು," ಎಂದರು ಅತ್ತೆ. "ಬಿದ್ದಿದ್ದು ಥರ್ಮಾಕೋಲು. ಮೇಲೊಂದು ಪದರ ಗಾರೆ. ಮೇಲೆ ಥಳಕು, ಒಳಗೆ ಹುಳುಕು. ಶಿಲ್ಪಿಯ ಹೂವಿಂದಲೇ ಅಚ್ಚು ತೆಗೆದಿದ್ದಕ್ಕೆ ಎಸಳು ಅವನದೇ."

ಎಲ್ಲರೂ ಕಂಟ್ರಾಕ್ಟರ್ ಕಡೆ ತಿರುಗಿದರು.

"ಇವ್ರು ಕೂಡಿಸಿದ್ರು, ಬಿದ್ದಾಗ ಹೆದರಿ ಚೂರು ಗುಡಿಸಿಹಾಕಿದ್ರು," ಎಂದರು ಅತ್ತೆ. "ಆದ್ರೆ ಯೋಚನೆ ಇವ್ರದಲ್ಲ. ಕೊಕ್ಕೆ ಹುದುಗಿಸಿದ್ದು ಕಾಂಕ್ರೀಟ್ ಹಾಕೋವಾಗ, ಇವ್ರು ಬರೋಕೆ ಮುಂಚೆ. ಕಲ್ಲು ಹೊರಲಾರದ ಕೊಕ್ಕೆನ ನಕ್ಷೆಯಲ್ಲಿ ಬರೆದವರಿಗೆ, ಅಲ್ಲಿಗೆ ಕಲ್ಲು ಬರಲ್ಲ ಅಂತ ಆಗ್ಲೇ ಗೊತ್ತಿತ್ತು." ಅತ್ತೆ ಆರ್ಕಿಟೆಕ್ಟನನ್ನೇ ನೋಡಿದರು. "ನಿಮ್ಮನ್ನ ಕೇಳ್ದೆ ಮೊಳೆ ಕೂಡ ಹೊಡೆದಿಲ್ಲ ಅಂದ್ರಲ್ಲ?"

"ಖರ್ಚು ಉಳಿಸಿದೆ," ಎಂದು ಅವನು ಗೊಣಗಿದ. "ಕೆಳಗಿಂದ ನೋಡೋರಿಗೆ ಏನು ವ್ಯತ್ಯಾಸ?"

ಸೊಸೆಯ ಎದೆ ತುಂಬಿ ಬಂತು. ನಿವಾಸಿಗಳು ತಲೆತಗ್ಗಿಸಿ, ಹೆಸರು ಅಲ್ಲೇ ಇರಲಿ ಎಂದರು. ಮೇಲಿನ ಹೂವುಗಳನ್ನೂ ಕಲ್ಲಿನಲ್ಲೇ ಮಾಡಿಕೊಡು ಎಂದು ಬೇಡಿಕೊಂಡರು.

ಶಿಲ್ಪಿ ಗೋಡೆಯನ್ನು ಅಡಿಯಿಂದ ತುದಿಯವರೆಗೆ ನೋಡಿದ.

"ಕಲ್ಲು ಹೊರೋ ಗೋಡೆ ಕಟ್ಟಿ ಕರೀರಿ, ಬರ್ತೀನಿ. ಈ ಗೋಡೆಗೆ ನನ್ನ ಕೆಲಸ ಭಾರ."